ಕಳೆದುಹೋದ ಆರನೆಯ ಕಂತು

ಸೆಪ್ಟೆಂಬರ್ 7, ಸೋಮವಾರ

ಸಿಕ್ಕಿದೆ. ಆರನೆಯ ಕಂತು ಸಿಕ್ಕಿದೆ.

ಮಧ್ಯಾಹ್ನ ನಮ್ಮ ಅಭಿಮಾನಿ ಸಂಘದ ಕಾರ್ಯದರ್ಶಿ ಡಡ್ಲಿ ಫೋನ್ ಮಾಡಿದ. ಮೊದಲು ಮಳೆ ಗಾಳಿಯ ಮಾತಾಯಿತು, ಆಮೇಲೆ ಅವನ ಮಂಡಿನೋವು. ಅದೇ ದನಿಯಲ್ಲಿ, “ಅಂದಹಾಗೆ ನೆವಿಲ್, ‘ಶನಿಯಾಚೆಯ ದೀಪ’ದ ಕೊನೇ ಕಂತಿನ ಫಿಲ್ಮ್ ರೀಲು ಯಾರ ಹತ್ರಾನೋ ಇದೆಯಂತೆ” ಅಂದ. ನಾನು ಅಡುಗೆಮನೆಯ ಸ್ಟೂಲು ಎಳೆದುಕೊಂಡು ಕೂತು, ಇನ್ನೊಂದ್ಸಲ ಹೇಳು ಅಂದೆ.

ಅರವತ್ತೈದನೇ ಇಸವಿಯ ಚಳಿಗಾಲದಲ್ಲಿ ಪ್ರತಿ ಶನಿವಾರ ಸಂಜೆ ಬಂದ ಬಾಹ್ಯಾಕಾಶದ ಧಾರಾವಾಹಿ. ಟೇಪು ದುಬಾರಿ ಎಂದು ಟಿವಿಯವರು ಅದನ್ನೆಲ್ಲ ಅಳಿಸಿ ಅದರ ಮೇಲೆ ಕುದುರೆ ಪಂದ್ಯವನ್ನೋ ಮತ್ತೊಂದನ್ನೋ ತುಂಬಿಕೊಂಡರು. ಮೊದಲ ಐದು ಕಂತುಗಳ ಧ್ವನಿಯಾದರೂ ಉಳಿದಿದೆ. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಟಿವಿಯ ಮುಂದೆ ಮೈಕು ಹಿಡಿದು ಕೂತಿದ್ದರು. ಆರನೆಯದಕ್ಕೆ ಅದೂ ಇಲ್ಲ. ಅದಕ್ಕೆ ಇದ್ದದ್ದು ನಾನೊಬ್ಬ. ಏಳು ವರ್ಷದವನಾಗಿ ಕಣ್ಣಾರೆ ಕಂಡದ್ದನ್ನು ನಮ್ಮ ಸಂಘದ ಪತ್ರಿಕೆಯಲ್ಲಿ ಬರೆದೆ. ಹಿಮದ ಚಂದ್ರನ ಮೇಲೆ ದೀಪ ಆರದಂತೆ ಕಾಯುತ್ತ ಒಂಟಿಯಾಗಿ ಉಳಿದುಬಿಟ್ಟ ಹುಡುಗಿ ಇಲ್ಕಾ. ಅವಳಿಗಾಗಿ ಕ್ಯಾಪ್ಟನ್ ಬ್ರೇಸ್ ನೌಕೆಯನ್ನು ತಿರುಗಿಸಿ, ಹಿಮದ ಮೆಟ್ಟಿಲಿಳಿದು ಬಂದು, “ತಡವಾಯಿತು, ಬೈಬೇಡ” ಎಂದು ಕೈ ಚಾಚುವುದು. ಆಮೇಲೆ ಯಾರು ಈ ಕಥೆಯ ಚಿತ್ರ ಬರೆದರೂ, ಧ್ವನಿನಾಟಕ ಮಾಡಿದರೂ, ಆ ಮೆಟ್ಟಿಲು ನನ್ನದೇ. ಕ್ಯಾಪ್ಟನ್ ಹಿಂದಿರುಗಲೇ ಇಲ್ಲ ಎಂದು ಒಬ್ಬಿಬ್ಬರು ತಕರಾರು ತೆಗೆದಿದ್ದರು. ಅವರ ಬಾಯಿ ಮುಚ್ಚಿಸಲು ನನಗೆ ಒಂದೇ ಪತ್ರ ಸಾಕಾಯಿತು.

ಅಕ್ಟೋಬರ್ 24, ಶನಿವಾರ, ಬ್ಲ್ಯಾಕ್‌ಪೂಲಿನ ಹೋಟೆಲಿನಲ್ಲಿ ಪ್ರದರ್ಶನ. ಪ್ರದರ್ಶನಕ್ಕೆ ಮುಂಚೆ ವೇದಿಕೆ ಹತ್ತಿ ಮಾತಾಡುವವನು ನಾನು. ಕಂಡವನು.

ಇನ್ನೊಂದು ವಿಷಯ. ಸಂಜೆ ಅಕ್ಕ ಥೆಲ್ಮಾ ಡಯಾಲಿಸಿಸ್ ಮುಗಿಸಿ ಬಂದಳು. ಕೋಟು ಬಿಚ್ಚುವುದಕ್ಕೂ ಬಿಡದೆ ಸುದ್ದಿ ಹೇಳಿದೆ. ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಒಳ್ಳೇದಾಯ್ತು ಕಣೋ. ನಾನೂ ಒಂದು ಹೇಳ್ಬೇಕು. ಆ ಮೆಷಿನ್ ಸಾಕು ಮಾಡ್ತೀನಿ. ಡಾಕ್ಟರಿಗೆ ಹೇಳಿ ಬಂದೆ” ಅಂದಳು. ಅದನ್ನು ನಿಲ್ಲಿಸಿದರೆ ವಾರವೋ ಹತ್ತು ದಿನವೋ, ಅಷ್ಟೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಇವತ್ತೇ ಹೇಳಬೇಕಿತ್ತೇ ಇವಳು?

ಸೆಪ್ಟೆಂಬರ್ 9, ಬುಧವಾರ

ಇವತ್ತು ಹೋದಳು. ಆಸ್ಪತ್ರೆಯ ಕಾರು ಓಡಿಸುವ ತಾರಿಕ್ ಬಾಗಿಲಿಗೆ ಬಂದು, “ಏನ್ ಆಂಟಿ, ಇವತ್ತು ಡಾನ್ಸಿಗಾ ಮೆಷಿನ್ನಿಗಾ?” ಎಂದು ಕೇಳಿದ. ವಾರಕ್ಕೆ ಮೂರು ಸಲವೂ ಅದೇ ಪ್ರಶ್ನೆ, ಅವಳು ಪ್ರತಿ ಸಲವೂ ನಗುತ್ತಾಳೆ. ಇವತ್ತೂ ನಕ್ಕಳು. ಹಾಗೆ ನಗುವವಳು ಸಾಯುವ ಮಾತಾಡುವುದೇಕೆ?

ಅವಳ ಊಟಕ್ಕೆಂದು ಆಲೂಗಡ್ಡೆಯನ್ನು ಒಮ್ಮೆ ಕುದಿಸಿ ನೀರು ಚೆಲ್ಲಿ, ಮತ್ತೆ ಕುದಿಸಿ ಚೆಲ್ಲಿದೆ. ಹಾಗೆ ಮಾಡಿದರೆ ಅದರಲ್ಲಿರುವ ಕೆಟ್ಟದ್ದೆಲ್ಲ ಹೋಗುತ್ತದಂತೆ. ರುಚಿಯೂ ಹೋಗುತ್ತದೆ. ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ಚಾಕೊಲೇಟ್ ಬೇಡ, ಚಹಾ ಜಗ್ಗಿನಲ್ಲಿ ಅಳೆದು. ಇದನ್ನೆಲ್ಲ ನಾನು ಒಂದು ದಿನವೂ ತಪ್ಪಿಸಿಲ್ಲ. ಅವಳಿಗಾಗಿಯೇ ಅಂಚೆ ಕಚೇರಿಯ ಕೆಲಸ ಬಿಟ್ಟೆ. ಇಷ್ಟು ಮಾಡಿದವನ ಹತ್ತಿರ ಒಂದು ಮಾತು ಕೇಳಬೇಡವೇ ಡಾಕ್ಟರಿಗೆ ಹೇಳುವ ಮುಂಚೆ?

ಊಟದ ಹೊತ್ತಿಗೆ ಸಮಾಧಾನವಾಗಿಯೇ ಕೇಳಿದೆ. ಅಕ್ಟೋಬರ್ ಇಪ್ಪತ್ತನಾಲ್ಕರ ತನಕ ತಡೆದುಕೋ, ಕಂತು ನೋಡು, ಆಮೇಲೆ ಮಾತಾಡೋಣ ಅಂದೆ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅಷ್ಟು ದಿನಾನಾ? ನನ್ನ ಬದಲು ನೀನೇ ಹೋಗಿ ಆ ಸೂಜಿ ಚುಚ್ಚಿಸ್ಕೊಂಡು ಬಾ, ಆಗ ಕಾಯ್ತೀನಿ.”

“ಆಮೇಲೆ ಸಾಕು ಮಾಡಬಾರದು ಅಂತ ಯಾರು ಹೇಳಿದ್ರು? ನೋಡಿ ಆದ್ಮೇಲೆ ಅಂತಷ್ಟೆ.”

“ಈ ತಿಂಗಳು ಮುಗಿಯೋ ತನಕ ನೋಡ್ತೀನಿ. ನಿನಗೋಸ್ಕರ ಅಲ್ಲ, ಆ ಹುಡುಗಿಗೋಸ್ಕರ” ಅಂದಳು. ಹುಡುಗಿ ಎಂದರೆ ಇಲ್ಕಾ. ಥೆಲ್ಮಾಗೆ ಆ ಕಥೆಯ ಮೇಲೆ ಇಷ್ಟು ಮನಸ್ಸಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ 14, ಸೋಮವಾರ

ಮೆಷಿನ್ನಿನ ಮೇಲಿದ್ದಾಗಲೇ ರಕ್ತದೊತ್ತಡ ಬಿದ್ದುಹೋಯಿತಂತೆ. ತಾರಿಕ್ ಕೈಹಿಡಿದು ಒಳಗೆ ತಂದು ಕೂರಿಸಿದ. ಮುಖ ಬಿಳಿಚಿತ್ತು. ಇವಳು ತಿಂಗಳ ಕೊನೆ ಮುಟ್ಟುವುದೂ ಅನುಮಾನ. ಕಂತು ಮೊದಲೇ ಬೇಕು.

ಸೆಪ್ಟೆಂಬರ್ 19, ಶನಿವಾರ

ನಮ್ಮ ಲೋಕದಲ್ಲಿ ಒಂದು ಕಟ್ಟುಪಾಡಿದೆ. ಕಳೆದುಹೋದ ರೀಲು ಯಾರ ಹತ್ತಿರ ಸಿಕ್ಕಿದರೂ ಅವರ ಹೆಸರು ಕೇಳಬಾರದು, ಮನೆಗೆ ಹೋಗಬಾರದು, ಒತ್ತಾಯ ಮಾಡಬಾರದು. ಸಂಗ್ರಹ ಮಾಡುವವರು ಮೊಲದ ಹಾಗೆ, ಸದ್ದಾದರೆ ಬಿಲ ಸೇರುತ್ತಾರೆ. ಮತ್ತೆ ಇಪ್ಪತ್ತು ವರ್ಷ ರೀಲು ಕಾಣಿಸುವುದಿಲ್ಲ. ಈ ಕಟ್ಟುಪಾಡು ಮಾಡಿದವರಲ್ಲಿ ನಾನೂ ಒಬ್ಬ. ಮುರಿದವರನ್ನು ಸಂಘದಿಂದ ಹೊರಹಾಕಿದ್ದೇನೆ.

ಇವತ್ತು ಟ್ರಾಮ್ ಹತ್ತಿ ಡಡ್ಲಿಯ ಮನೆಗೆ ಹೋಗಿ ಹೆಸರು ಕೇಳಿದೆ. ಅವನು ಇಲ್ಲವೆಂದ. ನಾನು ಅವನ ಸೋಫಾದ ಮೇಲೆ ಕೂತು ಅತ್ತೆ. ಐವತ್ತೆಂಟು ವರ್ಷದ ಗಂಡಸು ಪರರ ಸೋಫಾದ ಮೇಲೆ ಅಳುವುದನ್ನು ನೋಡಲಾರದೆ ಅವನು ಹೇಳಿಬಿಟ್ಟ. ಹೆಸರು ಹಾರ್ಗ್ರೀವ್ಸ್, ಊರು ಲಿಥಮ್. “ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ ಮಾರಾಯ, ನನ್ನನ್ನ ಮುಗಿಸಿಬಿಡ್ತಾರೆ” ಅಂದ ಡಡ್ಲಿ.

ಸೆಪ್ಟೆಂಬರ್ 22, ಮಂಗಳವಾರ

ಹಾರ್ಗ್ರೀವ್ಸ್ ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದ. ಕಾಣಿಸಿದ್ದು ಒಂದು ಕಣ್ಣು, ಅರ್ಧ ಮೀಸೆ. ನಾನು ಎಲ್ಲವನ್ನೂ ಹೇಳಿದೆ. ಅಕ್ಕನ ಮೂತ್ರಪಿಂಡ, ಮೆಷಿನ್, ಅವಳು ಸಾಕು ಮಾಡುತ್ತೇನೆಂದದ್ದು. ಅವನು ಕೊನೆಯವರೆಗೂ ಕೇಳಿಸಿಕೊಂಡ.

“ನೋಡಿ ಸ್ವಾಮಿ, ಈ ರೀಲಿನ ಸುದ್ದಿ ಹೊರಗೆ ಬಂದ್ಮೇಲೆ ನೀವು ನಾಲ್ಕನೆಯವರು. ಒಬ್ಬನ ಮಗ ಸಾಯ್ತಿದ್ದ. ಒಬ್ಬನ ಹೆಂಡ್ತಿ. ಕಳೆದ ವಾರ ಬಂದವನ ತಾಯಿ ಹೋದ ಸಲ ಇನ್ನೊಂದು ರೀಲು ಸಿಕ್ಕಾಗಲೇ ಸತ್ತಿದ್ರು. ನಾನು ಹೂವು ಬೇರೆ ಕಳಿಸಿದ್ದೆ.”

ಬಾಗಿಲು ಹಾಕಿಕೊಂಡಿತು. ಬೈಯಲೂ ಆಗಲಿಲ್ಲ. ಎಂಬತ್ತರ ದಶಕದಲ್ಲಿ ಒಂದು ರೀಲು ನೋಡುವ ಆಸೆಗೆ ನಾನೂ ಇಲ್ಲದ ಅಜ್ಜನೊಬ್ಬನನ್ನು ಮಾತಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದೆ. ನಮ್ಮವರೆಲ್ಲ ಹಾಗೆಯೇ. ಬಸ್ಸಿನಲ್ಲಿ ಬರುತ್ತ ಅಳು ಬಂತು, ಆದರೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಸೆಪ್ಟೆಂಬರ್ 24, ಗುರುವಾರ

ಥೆಲ್ಮಾಗೆ ಹೇಳಬಾರದೆಂದುಕೊಂಡಿದ್ದೆ, ಬಾಯಿ ತಡೆಯಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೂವಿನ ಮಾತು ಕೇಳಿ ಅವಳ ಕಣ್ಣಲ್ಲಿ ನೀರೇ ಬಂತು. ಆಮೇಲೆ ಫೋನ್ ಕೊಡು ಅಂದಳು.

“ಹಾರ್ಗ್ರೀವ್ಸ್ ಅವರಾ? ನಾನು ಥೆಲ್ಮಾ, ಫ್ಲೀಟ್‌ವುಡ್‌ನಿಂದ. ಮೊನ್ನೆ ಒಬ್ಬ ಬೋಳುತಲೆಯವನು ಬಂದು ನಮ್ಮಕ್ಕ ಸಾಯ್ತಿದ್ದಾಳೆ ಅಂದನಲ್ಲ, ಆ ಅಕ್ಕ ನಾನೇ. ಇಲ್ಲ, ಹೂವು ಬೇಡ. ನೀವು ಬಂದು ಒಂದ್ಸಲ ನನ್ನ ಕೈ ನೋಡಿ. ಇಂಥ ಕೈ ಯಾವ ನಾಟಕದವರಿಗೂ ಕಟ್ಟೋಕಾಗಲ್ಲ.”

ಆ ಕಡೆಯಿಂದ ಏನು ಹೇಳಿದನೋ, ಇವಳು ಬಹಳ ಹೊತ್ತು ಕೇಳುತ್ತ ಕೂತಳು. ಅವನ ಹೆಂಡತಿಯೂ ಇದೇ ಮೆಷಿನ್ನಿನಲ್ಲಿ ಇದ್ದಳಂತೆ. ಭಾನುವಾರ ಮಧ್ಯಾಹ್ನ ಪ್ರೊಜೆಕ್ಟರ್ ತೆಗೆದುಕೊಂಡು ತಾನೇ ಬರುತ್ತೇನೆಂದನಂತೆ.

ಸೆಪ್ಟೆಂಬರ್ 27, ಭಾನುವಾರ

ಅದನ್ನು ಹೇಗೆ ಬರೆಯಲಿ?

ಮುಂದಿನ ಕೋಣೆಯ ಪರದೆ ಎಳೆದು, ಗೋಡೆಗೆ ಬಿಳಿ ಚಾದರ ಹೊಡೆದೆ. ಹಾರ್ಗ್ರೀವ್ಸ್ ಟೈ ಕಟ್ಟಿಕೊಂಡು ಬಂದಿದ್ದ. ಮೊದಲು ಥೆಲ್ಮಾಳ ಕೈ ನೋಡಿದ, ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಎದ್ದ ನರವನ್ನು ಬೆರಳಿನಿಂದ ಮುಟ್ಟಿದ. ರೀಲಿನ ಹತ್ತಿರ ಬಿಸ್ಕತ್ತು ತರಬೇಡಿ ಎಂದು ನನಗೆ ಗದರಿದ. ಆಮೇಲೆ ದೀಪ ಆರಿಸಿದೆವು, ಪ್ರೊಜೆಕ್ಟರ್ ಗರಗರ ಎಂದಿತು, ಆ ಸಂಗೀತ ಬಂತು. ನಾನು ಸುಖಪಟ್ಟೆ, ಅಷ್ಟು ಸುಖಪಟ್ಟು ಎಷ್ಟೋ ಕಾಲವಾಗಿತ್ತು.

ಕಥೆಯ ರಾಕ್ಷಸರಾದ ಹಿಮಜಿಗಣೆಗಳು ತೆವಳಿ ಬಂದಾಗ ಥೆಲ್ಮಾ, “ಅದು ಸ್ನಾನದ ಮನೆ ಮ್ಯಾಟು ಕಣೋ, ಕೆಳಗೆ ರಬ್ಬರ್ ಕಾಣ್ತಿದೆ ನೋಡು” ಅಂದಳು. ಹಾರ್ಗ್ರೀವ್ಸ್ ಮೊದಲು ಗಂಟುಮುಖ ಹಾಕಿ ಆಮೇಲೆ ತಾನೂ ನಕ್ಕ. ಇಲ್ಕಾಳ ಪಾತ್ರ ಮಾಡಿದ ಹುಡುಗಿ ಮಾತ್ರ ಎಷ್ಟು ಚೆನ್ನಾಗಿ ಮಾಡಿದ್ದಾಳೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ನೌಕೆ ಪಾರಾಗಬೇಕಾದರೆ ಯಾರಾದರೂ ಕೆಳಗೆ ನಿಂತು ದೀಪ ಉರಿಸುತ್ತಿರಬೇಕು. ಅವಳು ತಾನು ನಿಲ್ಲುತ್ತೇನೆನ್ನುತ್ತಾಳೆ. ಬೇಡವೆಂದು ಕ್ಯಾಪ್ಟನ್ ಜಗಳವಾಡುತ್ತಾನೆ, ಬೇಡುತ್ತಾನೆ. ಅವಳು ಅವನನ್ನು ಒಳಗೆ ನೂಕಿ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಾಳೆ. ನೌಕೆ ಏರುತ್ತದೆ. ಕ್ಯಾಪ್ಟನ್ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದಾನೆ. ಕೆಳಗೆ ದೀಪ ಚಿಕ್ಕದಾಗುತ್ತ ಹೋಗುತ್ತದೆ, ನಾನು ಮೆಟ್ಟಿಲಿಗೆ ಕಾಯುತ್ತ ಕುರ್ಚಿಯ ತುದಿಗೆ ಬಂದಿದ್ದೆ, ಕಲಾವಿದರ ಹೆಸರುಗಳು ಬಂದವು.

ಇನ್ನೂ ಇದೆ ಅಂದೆ. ಮುಗೀತು ಅಂದ ಹಾರ್ಗ್ರೀವ್ಸ್. ಕೊನೆಯ ಭಾಗ ಮತ್ತೆ ಓಡಿಸಲು ಹೇಳಿದೆ, ಓಡಿಸಿದ. ಯಾರೋ ಕತ್ತರಿಸಿದ್ದಾರೆ ಎಂದು ಹಟ ಹಿಡಿದೆ. ಅವನು ರೀಲನ್ನೇ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಕೊಟ್ಟ. ಎಲ್ಲೂ ಅಂಟಿಸಿದ ಗುರುತಿಲ್ಲ. ನಾನು ಬಾಯಿಗೆ ಬಂದಂತೆ ಮಾತಾಡಿದೆ, ನಕಲಿ ಎಂದೂ ಅಂದೆ. ಮನುಷ್ಯ ಸಿಟ್ಟಾಗಲಿಲ್ಲ. ಬಾಗಿಲಲ್ಲಿ ನಿಂತು, “ಇದು ಕೆಟ್ಟ ಮುಕ್ತಾಯ ಅಲ್ಲ. ನೀವು ಇನ್ನೊಂದ್ಸಲ ಸಮಾಧಾನವಾಗಿ ನೋಡಿ” ಎಂದು ಹೋದ.

ಥೆಲ್ಮಾ ಇಷ್ಟು ಹೊತ್ತೂ ಖಾಲಿ ಚಾದರವನ್ನೇ ನೋಡುತ್ತಿದ್ದಳು. “ಓ, ಹೀಗಾ ಆಗಿದ್ದು” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅರವತ್ತೈದರಲ್ಲಿ ಇವಳೂ ನನ್ನ ಪಕ್ಕದಲ್ಲೇ ಕೂತು ನೋಡಿದವಳಲ್ಲವೇ? ಹೀಗಾ ಎಂದರೇನು?

ಸೆಪ್ಟೆಂಬರ್ 28, ಸೋಮವಾರ

ಡಡ್ಲಿ ಫೋನ್ ಮಾಡಿದ, ಎತ್ತಲಿಲ್ಲ. ಥೆಲ್ಮಾ ಮೆಷಿನ್ನಿಗೆ ಹೋಗುವಾಗ ಬಾಗಿಲ ತನಕವೂ ಹೋಗಲಿಲ್ಲ. ನಾನು ಕಂಡಿದ್ದೇನೆ. ಮೆಟ್ಟಿಲ ಅಂಚು ಸವೆದಿತ್ತು, ಪಾಚಿ ಕಟ್ಟಿತ್ತು. ಹಿಮದ ಚಂದ್ರನ ಮೇಲೆ ಪಾಚಿ ಹೇಗೆ ಬಂತೆಂದು ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲವಲ್ಲ ನಾನು.

ಅಕ್ಟೋಬರ್ 1, ಗುರುವಾರ

ಬಿಸಿಲಿತ್ತು. ಥೆಲ್ಮಾ ಸಮುದ್ರದ ದಂಡೆಗೆ ಕರೆದುಕೊಂಡು ಹೋಗು ಅಂದಳು. ಗಾಲಿಕುರ್ಚಿ ತಳ್ಳಿಕೊಂಡು ಹಳೆಯ ಮೀನುಧಕ್ಕೆಯ ತನಕ ಹೋದೆ. ನೀರು ಇಳಿದಿತ್ತು, ಕೆಸರಿನ ಮೇಲೆ ಹಕ್ಕಿಗಳು. ಅವಳು ಮಾತಾಡುತ್ತಾಳೆಂದು ನನಗೆ ಗೊತ್ತಿತ್ತು, ಅದಕ್ಕೇ ಎದುರಿಗೆ ಬರದೆ ಕುರ್ಚಿಯ ಹಿಂದೆಯೇ ನಿಂತಿದ್ದೆ.

“ಶಿಲ್ಲಿಂಗ್ ಮುಗಿದುಹೋಗಿತ್ತು ನೆವ್.”

ನಮ್ಮದು ಬಾಡಿಗೆ ಟಿವಿ. ಹಿಂದೆ ನಾಣ್ಯದ ಪೆಟ್ಟಿಗೆ; ಶಿಲ್ಲಿಂಗ್ ಹಾಕಿದಷ್ಟು ಹೊತ್ತು ಓಡಿ ಆಮೇಲೆ ನಿಂತುಬಿಡುತ್ತಿತ್ತು. ಅದು ನನಗೂ ನೆನಪಿದೆ. ಆ ಸಂಜೆ ನಿಂತದ್ದು ಮಾತ್ರ ನೆನಪಿಲ್ಲ.

“ನೌಕೆ ಮೇಲೇರ್ತಿತ್ತು, ಟಪ್ ಅಂತ ನಿಂತೋಯ್ತು. ಅಮ್ಮ ಪರ್ಸು ತಲೆಕೆಳಗು ಮಾಡಿದ್ಳು, ಏನೂ ಇರ್ಲಿಲ್ಲ. ಪರದೆ ಮಧ್ಯೆ ಒಂದು ಬಿಳಿ ಚುಕ್ಕೆ ಇರ್ತಿತ್ತಲ್ಲ, ನೀನು ಅದನ್ನೇ ನೋಡ್ತಾ ಕೂತು ಅತ್ತೆ. ಆ ಹುಡುಗೀನ ಬಿಟ್ಟುಬಿಟ್ರಾ, ಬಿಟ್ಟುಬಿಟ್ರಾ ಅಂತ. ಅಪ್ಪನ ದೋಣಿದು ಐಸ್‌ಲೆಂಡ್ ಕಡೆಯಿಂದ ಆ ವಾರ ಏನೂ ಸುದ್ದಿ ಇರ್ಲಿಲ್ಲ. ಅಮ್ಮ ಗೋಡೆ ಕಡೆ ತಿರುಗಿ ನಿಂತ್ಲು. ನನಗೆ ದಿಕ್ಕು ತೋಚ್ಲಿಲ್ಲ. ಕೋಟು ಹಾಕ್ಕೊಂಡು ಹೊರಗೆ ಹೋಗಿ, ಒಂದು ಸುತ್ತು ಹೊಡೆದು ಬಂದು, ಪಕ್ಕದ ಮನೆ ಕಿಟಕಿಯಿಂದ ಕೊನೇದು ನೋಡ್ಕೊಂಡು ಬಂದೆ, ಕ್ಯಾಪ್ಟನ್ ಮೆಟ್ಟಿಲಿಳಿದು ವಾಪಸ್ ಬಂದ ಅಂದೆ.”

“ಮೆಟ್ಟಿಲು?”

ಅವಳು ಕೈ ಎತ್ತಿ ತೋರಿಸಿದಳು. ಧಕ್ಕೆಯ ಕಲ್ಲಿನ ಮೆಟ್ಟಿಲು. ದೋಣಿ ಬಂದಾಗ ಅಪ್ಪ ಹತ್ತಿ ಬರುತ್ತಿದ್ದದ್ದು ಅದರ ಮೇಲೆಯೇ. ತಡವಾಯಿತು, ಬೈಬೇಡ ಎನ್ನುತ್ತಿದ್ದದ್ದೂ ಅವನೇ, ಅಮ್ಮನಿಗೆ. ಆ ವಾರವೂ ಅಪ್ಪ ಬಂದ. ಆಮೇಲೆ ಯಾರಿಗೂ ಅದನ್ನು ಸರಿಪಡಿಸಬೇಕೆಂದು ಅನ್ನಿಸಲಿಲ್ಲ.

ನಾನು ಪತ್ರಿಕೆಯಲ್ಲಿ ಬರೆದಾಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಎಷ್ಟು ಖುಷಿಯಾಗಿದ್ದೆ ಆವಾಗ. ನಿನ್ನ ಮಾತನ್ನ ಅಷ್ಟು ಜನ ಕೂತು ಕೇಳಿದ್ದು ಅದೊಂದೇ ಅಲ್ವೇನೋ.” ಕಂಬಳಿಯನ್ನು ಮಂಡಿಯ ಮೇಲೆ ಎಳೆದುಕೊಂಡಳು. “ಈ ಸಲ ಮಾತ್ರ ಕಟ್ಟಿ ಹೇಳೋಕೆ ನನ್ನ ಕೈಲಾಗಲ್ಲ. ನಾನು ಸಾಕು ಮಾಡ್ತೀನಿ, ಹೋಗ್ತೀನಿ. ನೀನು ಒಪ್ಪಿದ್ರೆ ನೆಮ್ಮದಿಯಾಗಿ ಹೋಗ್ತೀನಿ. ಒಪ್ಪದಿದ್ರೆ ಈ ಹಾಳು ಮೆಷಿನ್ನಿನ ಮೇಲೇ ಯಾವತ್ತೋ ಒಂದಿನ ಹೋಗ್ತೀನಿ, ನಿನ್ನ ಮೇಲೆ ಸಿಟ್ಟಿಟ್ಟುಕೊಂಡು.”

ಕುರ್ಚಿ ತಳ್ಳಿಕೊಂಡು ಮನೆಗೆ ಬಂದೆ. ಅವಳ ತಲೆಯ ಹಿಂಭಾಗ ಎಷ್ಟು ಸಣ್ಣದಾಗಿದೆ.

ಅಕ್ಟೋಬರ್ 5, ಸೋಮವಾರ

ಒಪ್ಪುವುದಿಲ್ಲ. ಒಪ್ಪುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಅವಳಿಗೆ ಮನಸ್ಸು ಸರಿಯಿಲ್ಲ, ಅವಳ ಮಾತು ಕೇಳಬೇಡಿ ಅಂದೆ. ಅವರು ಅವಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರಂತೆ. ಬಂದವಳು ನನ್ನನ್ನು ನೋಡಿ, “ನಾನು ಹುಚ್ಚಿ ಅಲ್ಲವಂತೆ. ನಿನ್ನನ್ನ ಒಂದ್ಸಲ ನೋಡ್ಬೇಕಂತೆ” ಅಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ತಟ್ಟೆ ಎತ್ತಿ ನೆಲಕ್ಕೆ ಹೊಡೆದೆ. ಗುಡಿಸಿದ್ದೂ ನಾನೇ.

ಅಕ್ಟೋಬರ್ 9, ಶುಕ್ರವಾರ

ಇಷ್ಟು ವರ್ಷದಲ್ಲಿ ಮೊದಲ ಸಲ ವಾರ್ಡಿನ ಒಳಗೆ ಹೋದೆ. ಎಂದಾದರೂ ಜೊತೆಗೆ ಹೋದರೂ ಹೊರಗೆ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕೂರುತ್ತಿದ್ದೆ. ರಕ್ತ ಕಂಡರೆ ನನಗೆ ಆಗುವುದಿಲ್ಲ. ಇವತ್ತು ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಮೊದಲು ಚೆನ್ನಾಗಿದ್ದಳು, ಪಕ್ಕದ ಹಾಸಿಗೆಯ ಮುದುಕನಿಗೆ ನನ್ನನ್ನು ತೋರಿಸಿ, “ನಮ್ಮ ನೆವ್. ನಕ್ಷತ್ರಗಳ ವಿಷಯ ಎಲ್ಲಾ ಗೊತ್ತು, ಬಟ್ಟೆ ಒಗೆಯೋ ಮೆಷಿನ್ ಹಾಕೋಕೆ ಬರಲ್ಲ” ಅಂದಳು. ಆಮೇಲೆ ಕಾಲಿನ ಸ್ನಾಯು ಹಿಡಿದುಕೊಂಡಿತು. ಹಲ್ಲು ಕಚ್ಚಿಕೊಂಡು ನನ್ನ ತೋಳು ಹಿಡಿದಳು, ಈಗಲೂ ಗುರುತಿದೆ. ನರ್ಸ್ ಬಂದು ಏನೋ ಮಾಡಿದರು. ಥೆಲ್ಮಾ ವಾಂತಿ ಮಾಡಿಕೊಂಡಳು, ಕ್ಷಮಿಸಿ ಕ್ಷಮಿಸಿ ಎಂದು ನರ್ಸಿಗೆ ಹೇಳುತ್ತಲೇ ಇದ್ದಳು. ಕೊನೆಗೆ ಕಣ್ಣು ಮೇಲಕ್ಕೆ ಹೋಯಿತು. ಎಲ್ಲರೂ ಓಡಿಬಂದರು.

ಎಚ್ಚರವಾದ ಮೇಲೆ ಇದು ಯಾವಾಗಲೂ ಹೀಗೇನಾ ಎಂದು ಕೇಳಿದೆ. “ಇವತ್ತು ಪರವಾಗಿರ್ಲಿಲ್ಲ” ಅಂದಳು.

ಅಕ್ಟೋಬರ್ 12, ಸೋಮವಾರ

ಇವತ್ತೂ ಒಳಗೆ ಕೂತಿದ್ದೆ. ಏನು ಬರೆಯುವುದು.

ಅಕ್ಟೋಬರ್ 14, ಬುಧವಾರ

ಕಾರಿನ ಸದ್ದು ಕೇಳಿದಾಗ ಥೆಲ್ಮಾ ಕೋಟಿಗೆ ಕೈ ಹಾಕಿದಳು. ನೀನು ಕೂತ್ಕೋ ಎಂದು ನಾನು ಚಪ್ಪಲಿಯಲ್ಲೇ ಹೊರಗೆ ಹೋದೆ. ತಾರಿಕ್ ಕಿಟಕಿ ಇಳಿಸಿದ.

“ಇವತ್ತು ಬರಲ್ಲ ತಾರಿಕ್.”

“ಹುಷಾರಿಲ್ವಾ? ಶುಕ್ರವಾರಕ್ಕೆ ಬರ್ಲಾ?”

“ಶುಕ್ರವಾರನೂ ಬರಲ್ಲ.”

ಅವನು ನನ್ನ ಮುಖ ನೋಡಿ ಎಂಜಿನ್ ಆಫ್ ಮಾಡಿದ. ಒಳಗೆ ಬಂದು ಥೆಲ್ಮಾಳ ಎದುರು ಮಂಡಿಯೂರಿ ಕೂತು ಕೈ ಹಿಡಿದುಕೊಂಡ. ಇಬ್ಬರೂ ಏನೇನೋ ಮಾತಾಡಿದರು, ಅವನ ಮಗಳ ಪರೀಕ್ಷೆ, ಮುಖ್ಯರಸ್ತೆಯ ಗುಂಡಿ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಅವನು ಹೋದ ಮೇಲೆ ಥೆಲ್ಮಾ, “ಥ್ಯಾಂಕ್ಸ್ ನೆವ್” ಅಂದಳು. ನನಗೆ ಅವಳು ಯಾವತ್ತೂ ಥ್ಯಾಂಕ್ಸ್ ಹೇಳಿದವಳಲ್ಲ.

ಅಕ್ಟೋಬರ್ 17, ಶನಿವಾರ

ಬಾಳೆಹಣ್ಣು ತಿಂದಳು. ಮೂಲೆಯಂಗಡಿಯಿಂದ ಮೀನು ಚಿಪ್ಸ್ ತಂದೆ, ಎರಡು ಸಲ ಕುದಿಸಿ ಚೆಲ್ಲದೆ ಕರಿದ ಆಲೂಗಡ್ಡೆ, ಮೇಲೆ ವಿನೆಗರ್. ಅರ್ಧ ತಿಂದು, ಇಷ್ಟು ರುಚಿಯಾದ್ದನ್ನ ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟಿದ್ದೀಯಲ್ಲೋ ಎಂದು ಬೈದಳು. ಚಹಾ ಮೂರು ಸಲ ಆಯಿತು. ಅವಳು ಮೊದಲು ಕೆಮ್ಮಿನ ಮಿಠಾಯಿಯ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಾಗಿನ ಗೆಳತಿಯರು ಮಧ್ಯಾಹ್ನ ಬಂದಿದ್ದರು. ಮನೆಯೆಲ್ಲ ಗದ್ದಲ, ನಗು, ಆಡಬಾರದ ಮಾತುಗಳು. ನಾನು ಬಂದವರಿಗೆಲ್ಲ ಚಹಾ ಕೊಟ್ಟೆ. ಬಟ್ಟೆ ಒಗೆಯುವ ಮೆಷಿನ್ ಹೇಗೆ ಹಾಕುವುದೆಂದು ಅವರಲ್ಲಿ ಒಬ್ಬರು ತೋರಿಸಿಕೊಟ್ಟರು.

ಡಡ್ಲಿ ಫೋನ್ ಮಾಡಿದ. ವೇದಿಕೆಯ ಮೇಲೆ ಏನು ಮಾತಾಡುತ್ತೀ ಎಂದು ಕೇಳಿದ. ಮನೆ ತುಂಬ ಜನ, ಆಮೇಲೆ ಹೇಳುತ್ತೇನೆಂದೆ.

ಅಕ್ಟೋಬರ್ 21, ಬುಧವಾರ

ನಿದ್ದೆ ಹೆಚ್ಚು. ಮೈ ನವೆ. ನರ್ಸ್ ದಿನಕ್ಕೆ ಎರಡು ಸಲ ಬರುತ್ತಾರೆ. ತುಟಿ ಒದ್ದೆ ಮಾಡುವುದು ಕಲಿತೆ, ಮಗ್ಗುಲು ಬದಲಿಸುವುದು ಕಲಿತೆ. ಸಂಜೆ ಎಚ್ಚರವಾಗಿ, ಅಪ್ಪ ಬಂದ್ರಾ ಎಂದು ಕೇಳಿದಳು. ಬಂದರು ಅಂದೆ.

ಅಕ್ಟೋಬರ್ 24, ಶನಿವಾರ

ಥೆಲ್ಮಾ ಇವತ್ತು ಹೋದಳು.

ಬೆಳಿಗ್ಗೆ ತುಂಬ ತಿಳಿಯಾಗಿದ್ದಳು, ನನ್ನನ್ನು ಸರಿಯಾಗಿ ಗುರುತಿಸಿದಳು. ಹಾಸಿಗೆಯ ಪಕ್ಕ ಕೂತಿದ್ದೆ. ಅಷ್ಟರಲ್ಲಿ ಡಡ್ಲಿಯ ಫೋನ್ ಬಂತು, ಎಲ್ಲರೂ ಬಂದಿದ್ದಾರೆ, ನೀನು ಎಲ್ಲಿದ್ದೀ ಎಂದು ಗಾಬರಿಯಾಗಿ ಕೇಳುತ್ತಿದ್ದ. ಎಲ್ಲಿಗೆ ಬರಬೇಕಿತ್ತು ಎಂದು ಕೇಳಿದೆ. ಪ್ರದರ್ಶನ ನಿಜವಾಗಿಯೂ ನೆನಪಾಗಲಿಲ್ಲ. ಆಮೇಲೆ ಫೋನನ್ನು ಅಡುಗೆಮನೆಯಲ್ಲಿಟ್ಟು ಬಂದೆ.

ಅವಳು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಮಾತಾಡಲು ಕಷ್ಟಪಡುತ್ತಿದ್ದಳು, ಬಾಯಿಯ ಹತ್ತಿರ ಕಿವಿ ತಂದೆ.

“ನೀನು ಒಬ್ನೇ ಏನು ಮಾಡ್ತೀಯೋ?”

ನನಗೆ ಏನೂ ಗೊತ್ತಿರಲಿಲ್ಲ. ಅವಳಿಲ್ಲದ ಮನೆಯಲ್ಲಿ ಒಂದು ದಿನ ಹೇಗೆ ಕಳೆಯುವುದೆಂದು ಯೋಚಿಸಿದರೂ ಹೆದರಿಕೆಯಾಗುತ್ತಿತ್ತು. ಬಾಯಿ ತೆರೆದೆ, ಮಾತು ತಾನಾಗಿ ಬಂತು. ಭಾನುವಾರ ಭಾನುವಾರ ಡಡ್ಲಿಯ ಮನೆಯಲ್ಲಿ ಊಟ ಅಂದೆ, ಅವನ ಹೆಂಡತಿ ಆಗಲೇ ಕರೆದಿದ್ದಾಳೆ. ತಾರಿಕ್ ನನಗೆ ಕಾರು ಓಡಿಸಲು ಕಲಿಸುತ್ತಾನಂತೆ. ಒಂದು ನಾಯಿ ನೋಡಿದ್ದೇನೆ, ಕಂದು ಬಣ್ಣದ್ದು, ಒಂದು ಕಿವಿ ಮಡಚಿಕೊಂಡಿದೆ, ಮುಂದಿನ ವಾರ ಕೊಡುತ್ತಾರೆ. ಅದನ್ನು ಕರೆದುಕೊಂಡು ದಿನಾ ಬೆಳಿಗ್ಗೆ ದಂಡೆಗೆ ಹೋಗುತ್ತೇನೆ.

“ಹೆಸರೇನು?”

“ಬಿಸ್ಕತ್ತು.”

ಅವಳ ತುಟಿ ಸ್ವಲ್ಪ ಅಗಲವಾಯಿತು. ನಂಬಿದಳೋ ಇಲ್ಲವೋ ನನಗೆ ತಿಳಿಯದು. ನಾನು ನಾಯಿಯ ವಿಷಯ ಹೇಳುತ್ತಲೇ ಹೋದೆ, ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಹಕ್ಕಿಗಳನ್ನು ಕಂಡರೆ ಹೇಗೆ ಓಡುತ್ತದೆ. ಅವಳು ಕಣ್ಣು ಮುಚ್ಚಿಕೊಂಡಳು. ಕೈ ನನ್ನ ಕೈಯಲ್ಲೇ ಇತ್ತು. ಉಸಿರು ನಿಂತದ್ದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದೆ.